ಇಪ್ಪತ್ತೈದು ಡಿಗ್ರಿಯ ದೇಶ

ಫೆಬ್ರವರಿ. ಊಸಿಕೌಪುಂಕಿಯ ಕಡಲು
ಬಂಡೆಗಟ್ಟಿ ಮಲಗಿದೆ, ಮೇಲೆ ಯಾರದೋ ಸೈಕಲ್ಲಿನ ಗೆರೆ.
ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟಿದ್ದೇನೆ,
ಎಂಜಿನ್ನು ಉಸಿರಾಡಬೇಕಲ್ಲ.
ಸೊನ್ನೆಗಿಂತ ಹದಿನಾಲ್ಕು ಕೆಳಗೆ.

ತೈಸ್ತೊ ಕೂಸೆಲಾ, ಎಪ್ಪತ್ತೊಂದು ವರ್ಷ,
ತನ್ನ ಸಾಬ್ ಕಾರನ್ನು ರೋಲರಿನ ಮೇಲೆ ತಾನೇ ಹತ್ತಿಸಿದ,
ನನ್ನ ಕೈಗೆ ಕೀಲಿ ಕೊಡಲಿಲ್ಲ.
ಇಲ್ಲೇ ಆಚೆಯ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಬಾಗಿಲು ಜೋಡಿಸಿದವನು.
'ಈ ಎಡಬಾಗಿಲು ನಾನು ಕೂರಿಸಿದ್ದು' ಅಂದ.
ಹೇಗೆ ಗೊತ್ತು?
'ಮುಚ್ಚಿದರೆ ಗೊತ್ತಾಗುತ್ತೆ.'
ಮುಚ್ಚಿ ತೋರಿಸಿದ.
ನನಗೇನೂ ಗೊತ್ತಾಗಲಿಲ್ಲ.

ಹಳೆಯ ಟರ್ಬೊ ಮುಷ್ಟಿಯಷ್ಟು ಇತ್ತು,
ಮಸಿ ಮೆತ್ತಿಕೊಂಡು ಬೆಂಚಿನ ಮೇಲೆ ಕೂತಿದೆ.
ಹೊಸದು ಎಲೆಕೋಸಿನಷ್ಟು.
ಚಳಿಗಾಲವಿಡೀ ಇಬ್ಬರೂ ಅದಕ್ಕೆ ಜಾಗ ಮಾಡಿದೆವು:
ಪೈಪು ಕೊಯ್ದೆವು, ಬೆಸೆದೆವು, ಅಳತೆ ತಪ್ಪಿ ಮತ್ತೆ ಕೊಯ್ದೆವು.
ನನಗದು ಇವತ್ತಿಗೂ ಸೋಜಿಗ.
ಸುಟ್ಟು ಬಿಸಾಕಿದ ಹೊಗೆಯೇ ಒಂದು ಚಕ್ರ ತಿರುಗಿಸಿ
ಅದೇ ದಂಡದ ಆಚೆ ತುದಿಯಲ್ಲಿ ಹೊಸ ಗಾಳಿ ತುರುಕುವುದು.
ತೈಸ್ತೊಗೆ ಸೋಜಿಗವೇನಿಲ್ಲ:
'ಪಾಳಿ ಮುಗಿಸಿ ಹೊರಬಿದ್ದವರು
ಗೇಟಿನಲ್ಲಿ ಒಳಬರುವವರ ಬೆನ್ನು ತಳ್ಳುತ್ತಿದ್ದರು,
ಅಷ್ಟೇ ತಾನೆ?'

ಪಂದ್ಯವೂ ಇದೆ, ಪಕ್ಕದ ಮನೆಯ ಓರ್ವೊ ಜೊತೆ.
ಮುನ್ನೂರು ಕುದುರೆ ದಾಟಿದರೆ
ಓರ್ವೊ ಒಂದು ಗಾಡಿ ಬರ್ಚ್ ಸೌದೆ ಇಳಿಸಬೇಕು,
ಒಡೆದು, ಒಟ್ಟಿ, ಬಾಯಿ ಮುಚ್ಚಿಕೊಂಡು.

ಪಟ್ಟಿ ಬಿಗಿದೆ. ಫ್ಯಾನ್ ಹಚ್ಚಿದೆ. ನಾಲ್ಕನೇ ಗೇರು.
ಎರಡೂವರೆ ಸಾವಿರ: ಏನೂ ಇಲ್ಲ.
ಮೂರು: ಇಲ್ಲ.
ದೊಡ್ಡ ಟರ್ಬೊ, ದೊಡ್ಡ ಮನುಷ್ಯರ ಹಾಗೆ, ಕಾಯಿಸುತ್ತದೆ.
ಮೂರು ಸಾವಿರದ ಎಂಟುನೂರಕ್ಕೆ
ಕಾರು ಪಟ್ಟಿಯ ಮೇಲೆ ಕುಕ್ಕರಿಸಿ ಕೂತು
ಒಂದೇ ಸಮನೆ ಕಿರುಚಿತು,
ಸೂರಿನ ಹಿಮ ದೊಪ್ಪನೆ ಜಾರಿ ಬಿತ್ತು,
ಬೂಸ್ಟ್ ಮುಳ್ಳು ಒಂದು ಪಾಯಿಂಟ್ ನಾಲ್ಕರಲ್ಲಿ ನಡುಗುತ್ತಾ ನಿಂತಿತು.
ತೈಸ್ತೊ ಗಡ್ಡದಲ್ಲಿ ಏನು ನಡೆಯಿತೋ ಕಾಣಲಿಲ್ಲ.

ಪರದೆ ಹೇಳಿತು: ಮುನ್ನೂರ ಐದು.
ಅವನು ಕೈ ಎತ್ತುವಷ್ಟರಲ್ಲಿ
ಕೆಳಗೆ ಇನ್ನೊಂದು ಸಾಲು ಮೂಡಿತು:
ಇನ್ನೂರ ಎಂಬತ್ತೊಂದು.

'ಇದೇನು?'
ತಿದ್ದಿದ ಲೆಕ್ಕ, ಅಂದೆ.
ತಣ್ಣನೆ ಗಾಳಿ ದಟ್ಟ, ಹೆಚ್ಚು ಬಲ ಕೊಡುತ್ತೆ,
ಅದನ್ನು ಕಳೆಯಬೇಕು.
ಸೊನ್ನೆ ಪಾಯಿಂಟ್ ಒಂಬತ್ತು ಎರಡರಿಂದ ಗುಣಿಸಿ
ಯಂತ್ರವೇ ಕಳೆಯುತ್ತೆ.
'ಕಳೆದು?'
ಎಲ್ಲರೂ ಇಪ್ಪತ್ತೈದು ಡಿಗ್ರಿಯಲ್ಲಿ ಓಡಿಸಿದರು ಅಂತ ಇಟ್ಟುಕೊಳ್ಳುತ್ತೆ.

ಅವನು ಟೋಪಿ ತೆಗೆದ. ಮತ್ತೆ ಹಾಕಿಕೊಂಡ.
'ಯಾರು ಎಲ್ಲರೂ?
ಹಿಮ ಗುಡಿಸಿದವನು ನಾನು,
ಬೆಳಿಗ್ಗೆ ಐದಕ್ಕೆ ಬ್ಯಾಟರಿಗೆ ಕಂಬಳಿ ಹೊದಿಸಿದವನು ನಾನು.
ಚಳಿಯ ಕೈಯಿಂದ ಸಿಕ್ಕಿದ್ದು ಇದೊಂದೇ,
ಇಪ್ಪತ್ನಾಲ್ಕು ಕುದುರೆ.
ಅದನ್ನೂ ಕಿತ್ತುಕೊಳ್ಳುತ್ತೀಯಾ?'

ನಾನಲ್ಲ, ಯಂತ್ರ, ಅಂದೆ.
ಸುಳ್ಳು ಅನ್ನಿಸಿತು. ಆ ಗುಂಡಿ ಒತ್ತುವುದು ನಾನೇ.
ಎಂಟು ವರ್ಷದಿಂದ ಒತ್ತಿದ್ದೇನೆ,
ಹುಡುಗರ ಮುಖ ಸಣ್ಣಗಾಗುವುದನ್ನು ನೋಡಿ
ಒಳಗೊಳಗೆ ನನಗೆ ನಾನೇ ನ್ಯಾಯವಂತೆ ಎಂದುಕೊಂಡು.
ಟರ್ಬೊ ತನಗೆ ಬೇಕಾದ ಒತ್ತಡ ತಾನೇ ಮಾಡಿಕೊಳ್ಳುತ್ತೆ,
ಅದಕ್ಕೆ ಈ ತಿದ್ದುಪಡಿ ಎಷ್ಟು ಸರಿ ಎಂದು
ಬಲ್ಲವರೂ ಜಗಳವಾಡುತ್ತಾರೆ.
ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹೇಳಿದೆ.
ತಿದ್ದದ ಹಾಳೆ ಮುದ್ರಿಸಿದೆ.
ಮೂಲೆಯಲ್ಲಿ ಕೈಯಾರೆ ಬರೆದೆ: ಹೊರಗೆ ಹದಿನಾಲ್ಕು ಕೆಳಗೆ.
ಓರ್ವೊ ಓದಲಿ, ಸೌದೆ ಇಳಿಸಲಿ, ಇಳಿಸದಿರಲಿ.

ತೈಸ್ತೊ ಹಾಳೆ ಮಡಿಸಿ ಅಂಗಿಯೊಳಗೆ ಇಟ್ಟ,
ಎಡಬಾಗಿಲು ಮುಚ್ಚಿದ. ಈ ಸಲ
ಏನೋ ಕೇಳಿಸಿತು ನನಗೆ,
ದಪ್ಪ ಪುಸ್ತಕ ಮುಚ್ಚಿದ ಹಾಗೆ.
ಮತ್ತೆ ಬಾಗಿಲು ತೆರೆದು ಕೈ ಚಾಚಿದ:
'ಆ ಇನ್ನೊಂದೂ ಕೊಡು.
ಜುಲೈಯಲ್ಲಿ ಬೇಕಾಗಬಹುದು.'