ಬಾಗಿಸಿದ ತಂತಿ

ಫೆಬ್ರವರಿ. ಶೋಟೊ ಊರಾಚೆ, ಮೊಂಟಾನಾದ ಬಯಲಲ್ಲಿ
ಮೂರು ದಿನದಿಂದ ಗಾಳಿ
ಗ್ಯಾರೇಜಿನ ಬಾಗಿಲು ಬಡಿಯುತ್ತಲೇ ಇದೆ
ಸಾಲ ವಸೂಲಿಗೆ ಬಂದವನ ಹಾಗೆ.
ಒಳಗೆ ಒಂದು ಒಲೆ, ಮಾವ ಹಾಲ್ವರ್, ನಾನು.
ನಡುವೆ ಹಳೇ ಟವೆಲ್ ಮೇಲೆ ಸುರಿದ
ನಾನೂರ ಹನ್ನೊಂದು ಖಾಲಿ ತೋಟಾ.

ಮದ್ದಿನ ಡಬ್ಬಿ ಇಲ್ಲಿಲ್ಲ.
ಒಲೆಯಿರುವ ಕೋಣೆಗೆ ಮದ್ದು ಬರಕೂಡದು;
ನನ್ನ ಗಂಡ ಹುಟ್ಟಿ ಇಲ್ಲಿಯ ತನಕ
ಅಪ್ಪನ ಕೈಲಿ ಏಟು ತಿಂದದ್ದು
ಅದೊಂದೇ ಕಾರಣಕ್ಕಂತೆ, ಒಂದೇ ಸಲ.

ರಾತ್ರಿಯಿಡೀ ಅಕ್ರೋಟಿನ ಸಿಪ್ಪೆಪುಡಿಯಲ್ಲಿ
ಗಡಗಡ ಉರುಳಿ ಮಸಿ ಬಿಟ್ಟಿವೆ.
ಈಗ ಎಲ್ಲವೂ ಮದುವೆಗೆ ಹೊರಟ ಹಿತ್ತಾಳೆ.
‘ಹೊಳಪಿಗೆ ಮರುಳಾಗಬೇಡ,
ಒಡೆದದ್ದೂ ಹೊಳೆಯುತ್ತೆ’ ಅಂದರು ಮಾವ.

ಬುಡ ಓದುವುದು ನನ್ನ ಪಾಲು.
ಅವರ ಎರಡು ಕಣ್ಣಿನ ನಟ್ಟನಡುವೆ
ಹೋದ ವರ್ಷದಿಂದ ಒಂದು ಬೂದು ನಾಣ್ಯ ಕೂತಿದೆ.
ಅಂಚಿನಲ್ಲಿ ಮಾತ್ರ ಲೋಕ.
ನನ್ನ ಮುಖ ಕಾಣಬೇಕೆಂದರೆ
ನನ್ನ ಕಿವಿಯಾಚೆಯ ಗೋಡೆ ನೋಡುತ್ತಾರೆ.

‘ಮಿಲಿಟರಿಯದು, ಅರವತ್ತೇಳನೆಯ ಇಸವಿ.’
‘ಕೇಪಿನ ಗುಳಿಯ ಅಂಚು ಒತ್ತಿರುತ್ತಾರೆ, ಕೆರೆಯಬೇಕು. ಎಡಕ್ಕೆ.’
‘ಇದರೊಳಗೆ ಒಂದರ ಬದಲು ಎರಡು ತೂತು.’
‘ನಮ್ಮ ಯಂತ್ರಕ್ಕಲ್ಲ. ಕಾಫಿ ಡಬ್ಬಿಗೆ.’
‘ಕತ್ತಿನಲ್ಲಿ ಸೀಳು.’
‘ಡಬ್ಬಿಗೆ.’
‘ಬುಡಕ್ಕೆ ಯಾರೋ ಕೆಂಪು ಬಳಿದಿದ್ದಾರೆ.’
‘ಎರ್ಲಿಂಗನದು. ಬೇರೆ ಇಡು, ಎಣಿಸಿಕೊಳ್ಳಲು ಬಂದೇ ಬರುತ್ತಾನೆ ಜಿಪುಣ.’

ಈ ಸೀಮೆಯಲ್ಲಿ ಮಸೂರ ಬೆಳೆಯುತ್ತಾರೆ,
ಕಲ್ಲು ಆರಿಸಿ ಗೊತ್ತು ನನಗೆ.
ಆದರೆ ಬೇಳೆಯ ಕಲ್ಲು ಬೇಳೆಯ ಹೊರಗಿರುತ್ತದೆ.

ಒಳಗಿನದು ಮಾವನ ಪಾಲು.
ಸೈಕಲ್ ಚಕ್ರದ ಕಡ್ಡಿ ತಟ್ಟಿ,
ತುದಿ ಬಾಗಿಸಿ, ಅರದಲ್ಲಿ ಚೂಪು ಮಾಡಿದ ತಂತಿ.
ತೋಟಾದ ಬಾಯೊಳಗೆ ಇಳಿಸಿ
ಗೋಡೆ ಸವರಿಕೊಂಡು ಮೇಲಕ್ಕೆಳೆಯುತ್ತಾರೆ,
ಬಾಯಿ ಅರೆ ತೆರೆದು, ದೂರದ್ದೇನೋ ಕೇಳುವವರಂತೆ.
ಮೂವತ್ತೊಂದನೆಯದರಲ್ಲಿ ತಂತಿ ನಿಂತಿತು.
‘ಇದು ಹೋಯ್ತು.’

ದೀಪಕ್ಕೆ ಹಿಡಿದೆ. ಹೊರಳಿಸಿದೆ.
ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದೆ.
ಎಳ್ಳಷ್ಟು ಐಬಿಲ್ಲ.

ಗಂಡ ಬೆಳಿಗ್ಗೆ ಲಾರಿ ಹತ್ತುವಾಗ ಹೇಳಿದ್ದ:
ಈ ಚಳಿಗಾಲಕ್ಕೆ ಸಾಕು, ಯಂತ್ರ ಬಿಚ್ಚಿಡೋಣ.
ನಾನು ಹೇಳಿದರೆ ಜಗಳ, ನೀನೇ ಹೇಳು.
ಬರೀ ಮಾತಿಗೆ ಬಗ್ಗುವ ಆಳಲ್ಲ,
ಏನಾದರೂ ತೋರಿಸಿ ಹೇಳು.

ತೋರಿಸುವುದಕ್ಕೆಂದೇ
ಅದನ್ನು ಹಿಡಿಕೆಗೆ ಸಿಕ್ಕಿಸಿ ಗರಗಸ ಹಿಡಿದೆ.
ಉದ್ದಕ್ಕೆ ಕೊಯ್ದೆ. ಹಳದಿ ಪುಡಿ ತೊಡೆಯ ಮೇಲೆಲ್ಲ.
ಮಾವ ಏನೂ ಕೇಳಲಿಲ್ಲ, ಮೂವತ್ತೆರಡನೆಯದು ಎತ್ತಿಕೊಂಡರು.

ಎರಡು ಹೋಳು.
ಒಳಗೋಡೆಯಲ್ಲಿ, ಬುಡದಿಂದ ಕಿರುಬೆರಳಗಲ ಮೇಲೆ
ಸುತ್ತಲೂ ಒಂದು ಗೆರೆ,
ಕೂದಲೆಳೆಯಷ್ಟು,
ಲೋಹ ಅಲ್ಲಿ ಕಾಗದವಾಗಿತ್ತು.
ಇನ್ನೊಂದು ಈಡಿಗೆ ಬುಡ ಕಳಚುತ್ತಿತ್ತು
ಯಾರದೋ ಕೆನ್ನೆಯ ಹತ್ತಿರ.
ಆ ಕೋವಿ ಹಿಡಿಯುವುದು ಈಗ ನಾನೊಬ್ಬಳೇ.

‘ಕಂಡಿತಾ?’
‘ಹೂಂ.’
‘ಗರಗಸ ಹಿಡಿದಾಗಲೇ ಗೊತ್ತಾಯ್ತು
ಅವನು ನಿನ್ನ ಹತ್ತಿರ ಹೇಳಿ ಕಳಿಸಿದ್ದಾನೆ ಅಂತ.
ಮದ್ದು ತೂಗುವುದು ನವೆಂಬರಿನಲ್ಲೇ ಬಿಟ್ಟೆ, ಮಗಳೇ.
ತಕ್ಕಡಿ ಮುಳ್ಳು ಎರಡು ಕಡೆ ನಿಂತಿತ್ತು.
ಇಷ್ಟು ದಿನ ತುಂಬಿದ್ದು ಯಾರು ಅಂದುಕೊಂಡೆ?
ಎರ್ಲಿಂಗ್. ಹೇಳಬೇಡ, ಮೆರೆಯುತ್ತಾನೆ.’

ತಂತಿ ನನ್ನ ಕೈಗಿಟ್ಟರು,
ಹಿಡಿದಲ್ಲಿ ಇನ್ನೂ ಬೆಚ್ಚಗಿತ್ತು.
‘ಕಣ್ಣು ಮುಚ್ಚು. ನೀನು ನೋಡ್ತೀಯ, ಅದೇ ತೊಂದರೆ.’

ಮುಚ್ಚಿದೆ.
ನಯ. ನಯ. ನಯ. ಏನೋ ತಡೆದಂತೆ...
‘ಅದು ನಿನ್ನ ಭಯ. ಮತ್ತೆ ಎಳೆ.’
ನಯ.

ಟವೆಲ್ ಮೇಲೆ ಇನ್ನೂ ಮುನ್ನೂರ ಎಪ್ಪತ್ತೊಂಬತ್ತು.
ಒಲೆಗೆ ಯಾರೂ ಸೌದೆ ಹಾಕಿರಲಿಲ್ಲ.