ಮುಲ್ಕಿಯಾದಲ್ಲಿ ಕೆಂಪು

ಇಲ್ಲಿ ಗಾಡಿಯ ಕಾಗದಕ್ಕೆ ಮುಲ್ಕಿಯಾ ಅನ್ನುತ್ತಾರೆ.
ಬಂದ ಹೊಸದರಲ್ಲಿ ಕೌಂಟರಿನವನು "ಮುಲ್ಕಿಯಾ?" ಅಂದಾಗ
ಹೌದು ಸ್ವಾಮಿ, ಬಪ್ಪನಾಡಿನ ಹತ್ತಿರ, ಅಂದುಬಿಟ್ಟಿದ್ದೆ.

ವಾದಿ ಕಬೀರಿನ ಗುಡ್ಡಗಳಿಗೆ ಒಂದೇ ಬಣ್ಣ,
ಸುಟ್ಟ ಕಾವಲಿಯದು. ಅದರ ಬುಡದಲ್ಲಿ ನಮ್ಮ ಶೆಡ್ಡು.
ಬಾಗಿಲಿಗೆ ಹಸಿ ಗೋಣಿ, ಫ್ಯಾನಿಗೆ ಎರಡೇ ರೆಕ್ಕೆ.
ಜೂನಿನಲ್ಲಿ ಹಗಲು ಗನ್ ಹಿಡಿಯುವ ಹಾಗಿಲ್ಲ:
ನಳಿಕೆ ಬಿಟ್ಟ ಬಣ್ಣ ಟ್ಯಾಂಕು ಮುಟ್ಟುವ ಮೊದಲೇ
ಗಾಳಿಯಲ್ಲಿ ಒಣಗಿ ಹಿಟ್ಟು.

ಹೈತಮ್ ಬಂದದ್ದು ಇಶಾ ನಮಾಜು ಕಳೆದ ಮೇಲೆ,
ಎಂಜಿನ್ ಆರಿಸಿ, ಗಾಡಿಯನ್ನು ಕರುವಿನ ಹಾಗೆ ನಡೆಸಿಕೊಂಡು.
ಕೆಂಪೆಂದರೆ ಕೆಂಪು, ಬ್ಯಾಡಗಿ ಮೆಣಸಿನ ಕೆಂಪು.
ಅಮ್ಮ ಮಾರಿ ಬಾ ಅಂದಿದ್ದಾಳೆ. ನನ್ನ ಕೈಲಾಗದು.
ನೀನು ಇದನ್ನು ಬೇರೆ ಗಾಡಿ ಮಾಡು,
ಗೆಳೆಯನದು ಅನ್ನುತ್ತೇನೆ.
ಮುಲ್ಕಿಯಾದಲ್ಲಿ ಕೆಂಪು ಕೆಂಪಾಗಿಯೇ ಇರಲಿ,
ಬೇಕಾದ ದಿನ ಸುಲಿಯುವಂತಿರಲಿ.

ಸಾಬೂನು ನೀರಲ್ಲಿ ತೊಳೆದೆ. ದೀಪಕ್ಕೆ, ಸೈಲೆನ್ಸರಿಗೆ
ಹಳೆಯ ಮಲಯಾಳಂ ಪೇಪರು ಸುತ್ತಿ ಟೇಪು ಹಚ್ಚಿದೆ.
ಮೊದಲ ಕೈ ಮಂಜಿನಷ್ಟೇ. ಕೆಳಗಿನ ಕೆಂಪು ಇಣುಕುತ್ತಲೇ ಇರುತ್ತದೆ;
ಆಗ ಆತುರಪಟ್ಟರೆ ಬಣ್ಣ ಮೂಗು ಸುರಿಸುತ್ತದೆ.
ಕಾಲು ಗಂಟೆ ಬಿಟ್ಟು ಎರಡನೆಯದು. ಮೊತಾಲಿಬ್ ಸುಲೈಮಾನಿ ತಂದ.
ಮೂರು. ನಾಲ್ಕು. ಐದಕ್ಕೆ ಹುಡುಗ ಕೇಳಿದ:
ತೆಗೆಯುವುದಕ್ಕೇ ಆದರೆ ಇಷ್ಟು ದಪ್ಪ ಯಾಕೆ?
ತೆಳ್ಳಗೆ ಹೊಡೆದದ್ದು ಚೂರು ಚೂರೇ ಬರುವುದು, ಉಗುರು ಸೋಲುತ್ತದೆ.
ದಪ್ಪಗಿದ್ದರೆ ನೀರುದೋಸೆ ಎದ್ದ ಹಾಗೆ, ಒಂದೇ ಸಲ.
ನೀರುದೋಸೆಗೆ ಅರಬಿ ಸಿಗದೆ
ಗಾಳಿಯಲ್ಲೇ ಒಂದು ಎತ್ತಿ ತೋರಿಸಿದೆ.

ಟ್ಯಾಂಕಿನ ಬಾಯಲ್ಲಿ ಪೆಟ್ರೋಲು ಚೆಲ್ಲಬೇಡ ಮಾರಾಯ,
ಅದಕ್ಕೊಂದೇ ಇದು ಹೆದರುವುದು.

ಬೆಳಗಿನ ಜಾವ ಹೊರಟಿತು.
ಬಂಗುಡೆಯ ಬೆನ್ನಲ್ಲ, ಹೊಟ್ಟೆಯೂ ಅಲ್ಲ,
ಅವೆರಡರ ನಡುವಿನ ಬೂದು.

ನಾಲ್ಕು ತಿಂಗಳಿಗೆ ಒಂದು ಬಿಳಿ ಕಾರು.
ಇಳಿದಾಕೆಯ ಕೈಯಲ್ಲಿ ಟಿಶ್ಯೂ ಕಾಗದದ ಪೊಟ್ಟಣ,
ಒಳಗೆ ಬೆರಳಗಲದ ಬೂದು ಸಿಪ್ಪೆ.
ಮೂಸಿದೆ: ಪೆಟ್ರೋಲು.
ನನ್ನ ಗಂಟಲಲ್ಲಿ ಆಗ ಅರಬಿಯೂ ಇಲ್ಲ, ತುಳುವೂ ಇಲ್ಲ.

ಉಮ್ಮು ಹೈತಮ್ ಸ್ಟೂಲು ಎಳೆದು ಕೂತಳು.
ಗೋಡೆಯಲ್ಲಿ ನನ್ನ ಬತಾಕದ ನಕಲು, ಉದ್ಯೋಗ: ದರ್ಜಿ.
ಅದನ್ನೂ ಓದಿದಳು, ಏನೂ ಅನ್ನಲಿಲ್ಲ.

ಎರಡು ವರ್ಷ ಆ ಸದ್ದಿಗೆ ಕಾದು ಕೂತವಳು ನಾನು,
ಬಣ್ಣ ನೋಡಿ ಮೋಸ ಹೋಗುತ್ತೇನಾ?
ಕೆಂಪಿದ್ದಾಗ ರಾತ್ರಿ ಎರಡಕ್ಕೆ ಬರುತ್ತಿದ್ದ, ಮೊಣಕೈ ತರಚಿಕೊಂಡು.
ಈಗ ಗೆಳೆಯನ ಗಾಡಿಯಲ್ಲವೇ,
ಮೆಲ್ಲಗೆ ತಿರುಗಿಸುತ್ತಾನೆ, ಬಟ್ಟೆಯಲ್ಲಿ ಒರೆಸುತ್ತಾನೆ,
ಹತ್ತಕ್ಕೆ ಮನೆ.
ಕೆಲವು ಸಂಜೆ ಹಿಂದಿರುಗಿಸಿ ಬರುತ್ತೇನೆ ಅಂತ ಹೊರಡುತ್ತಾನೆ,
ಪಾಪ, ಬಸ್ಸಿನಲ್ಲಿ ವಾಪಸು ಬರುತ್ತಾನೆ.

ಎಷ್ಟು ಕಾಲ ಬಾಳುತ್ತದೆ ಇದು?
ಎರಡು ವರ್ಷ, ಅಂದೆ, ಬಿಸಿಲು ಬಿಟ್ಟರೆ.
ಐದು ರಿಯಾಲ್ ಥಿನ್ನರ್ ಡಬ್ಬಿಯ ಕೆಳಗಿಟ್ಟಳು.
ಬಾಯಿ ಸರಿಮಾಡಿ ಮೇಲೆ ಇನ್ನೆರಡು ಕೈ ಹೊಡೆ.
ಅವನು ಕೇಳಿದರೆ ನಾನು ಬಂದಿಲ್ಲ.

ಗುರುವಾರ ಬಂದ. ಕುತ್ತಿಗೆ ಹಾಕಿ ಒಳಗೆಲ್ಲ ನೋಡಿದ,
ಟ್ಯಾಂಕಿನ ಬಾಯಿ ತೋರಿಸಿದ: ನಾಣ್ಯದಷ್ಟು ಕೆಂಪು.
ಬೇಗ ಮುಚ್ಚು, ಅಮ್ಮನಿಗೆ ಇನ್ನೂ ಗೊತ್ತಾಗಿಲ್ಲ.
ಇಷ್ಟಕ್ಕೆ ಗನ್ ಬೇಡ.
ಉಳಿದ ಬೂದಿನ ಡಬ್ಬಿ ತೆಗೆದು ಕುಲುಕಿದೆ,
ಒಳಗಿನ ಗೋಲಿ ಟಕಟಕ ಅಂತು.
ಎಷ್ಟು, ಅಂದ.
ಕೊಟ್ಟಾಗಿದೆ, ಅಂದುಬಿಡುತ್ತಿದ್ದೆ;
ಬಾಯಿಗೆ ಟೇಪು ಕಚ್ಚಿಕೊಂಡಿದ್ದೆ, ಪುಣ್ಯ.