ಒಂದೇ ಗಂಟು ಮೂರು ಸಲ

ಶಾರ್ಜಾದ ಸನಾಯ್ಯ, ಆರನೇ ನಂಬರು, ಟಯರಂಗಡಿಯ ಹಿಂದೆ
ಎಪ್ಪತ್ತೆಂಟರ ಕ್ಯಾಪ್ರಿಸ್ ಬಾಯಿ ತೆರೆದು ನಿಂತಿದೆ.
ಅದರ ಡ್ಯಾಶ್‌ಬೋರ್ಡು ನನ್ನ ಮೇಜಿನ ಮೇಲೆ,
ಬಿಸಿಲಿಗೆ ಸೆಟೆದೆದ್ದ ಹಪ್ಪಳ.

ಮರವಲ್ಲ ಅದು. ಎಂದೂ ಆಗಿರಲಿಲ್ಲ.
ತಗಡಿನ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ
ಅಚ್ಚು ಹಾಕಿದ ಅಕ್ರೋಟು ಮರದ ಫೋಟೊ,
ನಲವತ್ತು ಬೇಸಿಗೆ ತಿಂದು ಬಿಟ್ಟ ಚೂರು.

ಇದ್ದಿನಬ್ಬ ಕಲಿಸಿದ್ದು ಇಷ್ಟು:
ಮೊದಲು ಗೋಪಿಚಂದನದ ಬಣ್ಣ ಒಂದು ಕೋಟು, ಒಣಗಲಿ.
ಮೇಲೆ ಡಿಕಾಕ್ಷನ್ನಿನಷ್ಟು ತೆಳ್ಳಗೆ ಕಂದು.
ಹವಾಯಿ ಚಪ್ಪಲಿ ಕೊಯ್ದು ಮಾಡಿದ ಬಾಚಣಿಗೆಯಲ್ಲಿ
ಉಸಿರು ಹಿಡಿದು ಎಳೆ. ಕೈ ನಡುಗಿದರೆ ನಡುಗಲಿ,
ಮರವೇನು ಸ್ಕೇಲು ಹಿಡಿದು ಬೆಳೆಯುತ್ತದೋ?
ಕೋಳಿಗರಿಯ ತುದಿಯಲ್ಲಿ ನರ.
ಗಂಟಿಗೆ ಮಾತ್ರ ಹೆಬ್ಬೆರಳು.
ಒತ್ತಿ, ಕಾಲು ಸುತ್ತು ತಿರುಗಿಸಿ, ಬಿಡು.

ನನ್ನ ಹೆಬ್ಬೆರಳಲ್ಲಿ ಗೆರೆಯಿಲ್ಲ.
ಥಿನ್ನರು ತಿಂದಷ್ಟು ತಿಂದಿತು, ಉಳಿದದ್ದು ಉಪ್ಪುಕಾಗದ.
ಏರ್‌ಪೋರ್ಟಿನ ಗಾಜು ಪ್ರತಿ ಸಲ ಕೇಳುತ್ತದೆ: ಇನ್ನೊಮ್ಮೆ, ಇನ್ನೊಮ್ಮೆ.
ಆಫೀಸರು ಪಾಸ್‌ಪೋರ್ಟು ನೋಡಿ, ನನ್ನ ನೋಡಿ
ಬದಿಗೆ ನಿಲ್ಲಿಸುತ್ತಾನೆ.
ಇಲ್ಲಿ ಹಸಿ ಬಣ್ಣದಲ್ಲಿ ಅದೇ ಬೆರಳು
ನೂರು ವರ್ಷದ ಗಂಟು ಬಿಡುತ್ತದೆ.

ಹನ್ನೊಂದು ದಿನ ಕೂತೆ. ಐದು ಗಂಟು ಬರೆದೆ, ಐದೂ ಬೇರೆ,
ಒಂದು ಕಣ್ಣಿನ ಹಾಗೆ, ಒಂದು ಒಡೆದ ಹಿಮ್ಮಡಿಯ ಹಾಗೆ.
ಲ್ಯಾಕರು ಹೊಡೆದು ಉಜ್ಜಿದಾಗ
ಬಡಗಿಯೂ ಒಮ್ಮೆ ಮೂಸಿ ನೋಡಬೇಕು.

ಬೂ ಖಲ್ಫಾನ್ ಬಂದ. ಕನ್ನಡಕ ಏರಿಸಿ ಬಗ್ಗಿದ.
"ಝೈನ್. ಆದರೆ ಇದು ನನ್ನದಲ್ಲ.
ನಮ್ಮಪ್ಪನ ಗಾಡಿಯಲ್ಲಿ ಒಂದೇ ಗಂಟು ಮೂರು ಸಲ ಇತ್ತು,
ಗಡಿಯಾರದ ಕೆಳಗೆ, ರೇಡಿಯೋ ಪಕ್ಕ, ಡಬ್ಬಿಯ ಬೀಗದ ಹತ್ತಿರ.
ಅಲ್ ಐನ್ ದಾರಿಯುದ್ದ ಅದನ್ನೇ ನೋಡುತ್ತಿದ್ದೆ.
ಅಪ್ಪ ಮಾತಾಡುವವನಲ್ಲ."

ಇದ್ದಿನಬ್ಬ ನಕ್ಕ. ನನಗೆ ಉರಿಯಿತು.
ಅಚ್ಚಿನ ಉರುಳೆಯ ಸೋಮಾರಿತನವನ್ನೂ
ಕೈಯಲ್ಲಿ ಬರೆಯಬೇಕೇ?

ಬರೆದೆ. ಎಲ್ಲ ಉಜ್ಜಿ ತೆಗೆದು,
ಹಳೆಯ ಚೂರಿನ ಮೇಲೆ ಬೆಣ್ಣೆಕಾಗದ ಇಟ್ಟು.
ಬೇರೆ ಬೇರೆ ಗಂಟು ಸುಲಭ ಮಾರಾಯ್ರೇ,
ಅದೇ ಗಂಟು, ಹಾಗೇ, ಮೂರನೆಯ ಸಲ ಅಂದರೆ
ಬೆರಳು ಒಪ್ಪುವುದಿಲ್ಲ. ಏಳು ಸಲ ಒರೆಸಿದೆ.

ಗುರುವಾರ ಅಸರ್ ಬಾಂಗಿನ ಹೊತ್ತಿಗೆ ಬಂದವನು
ಸ್ಟೇರಿಂಗಿನ ಹಿಂದೆ ಕೂರಲಿಲ್ಲ,
ಸುತ್ತಿ ಹೋಗಿ ಬಲಗಡೆ ಕೂತ,
ಬಾಗಿಲು ಎಳೆದುಕೊಂಡ.
ಗಾಜಿನಾಚೆ ಬೆರಳು ಕಾಣುತ್ತಿತ್ತು:
ವಾಹಿದ್. ಇತ್ನೇನ್. ತಲಾತ.
ಮತ್ತೆ ಮೊದಲಿಂದ.

ಇಳಿದು, ಐವತ್ತು ದಿರ್ಹಮ್ ಚೌಕಾಸಿ ಮಾಡಿದ.
ಮೂರನೆಯದು ಸ್ವಲ್ಪ ವಾಲಿದೆಯಂತೆ.
ಹೌದು, ವಾಲಿದೆ.